24-7ರ ಮುನ್ನಡೆ ಇದ್ದೂ ಸೋತ ಡೆಟ್ರಾಯಿಟ್: ಕೋಚ್ ಚೆಂಡನ್ನು ಒದೆಯಿಸಬೇಕಿತ್ತೇ?

ಅಡಿಕೆತೋಟ, ಶಿರಸಿ

ನನ್ನ ಅಣ್ಣ ಮಿಶಿಗನ್‌ನಲ್ಲಿದ್ದಾನೆ. ಅಲ್ಲಿನ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ಲಯನ್ಸ್‌ನ ಹುಚ್ಚು ಅವನಿಂದ ನನಗೆ ಅಂಟಿದ್ದು. 2023ರ ಋತುವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ನೋಡಿದ್ದೇನೆ. ಅಲ್ಲಿನ ಭಾನುವಾರ ಮಧ್ಯಾಹ್ನದ ಆಟ ನಮಗೆ ರಾತ್ರಿ ಹತ್ತೂವರೆಗೆ, ನವೆಂಬರ್‌ನಲ್ಲಿ ಅವರ ಗಡಿಯಾರ ಹಿಂದೆ ಸರಿದ ಮೇಲೆ ಹನ್ನೊಂದೂವರೆಗೆ ಶುರುವಾಗುತ್ತದೆ. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಮನೆಯಲ್ಲಿ ಆ ಹೊತ್ತಿಗೆ ಯಾರೂ ಮಲಗಿರುವುದಿಲ್ಲ. ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕುಳಿತು ಅಡಿಕೆ ಸುಲಿಯುತ್ತಿರುತ್ತೇವೆ, ಮೊಬೈಲ್ ಕಂಬಕ್ಕೆ ಒರಗಿರುತ್ತದೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ಸುಲಿಯಲು ಬರುವ ಹೆಂಗಸರೂ ‘ನೀಲಿ ಅಂಗಿಯವರು ಎಷ್ಟು ಮಾಡಿದರು’ ಎಂದು ಕೇಳುತ್ತಿದ್ದರು.

ಸೂಪರ್ ಬೌಲ್‌ಗೆ, ಅಂದರೆ ಋತುವಿನ ಅಂತಿಮ ಪಂದ್ಯಕ್ಕೆ, ಹೋಗಲು ಗೆಲ್ಲಲೇಬೇಕಿದ್ದ ಸ್ಯಾನ್ ಫ್ರಾನ್ಸಿಸ್ಕೊ ವಿರುದ್ಧದ ಆಟ ನಮ್ಮಲ್ಲಿ 2024ರ ಜನವರಿ 29ರ ಬೆಳಗಿನ ಐದು ಗಂಟೆಗೆ ಶುರುವಾಯಿತು. ನಾನು ಆಗ ಅಡಿಕೆ ಬೇಯಿಸುವ ಹಂಡೆಯ ಮುಂದೆ ಇದ್ದೆ. ಮೊದಲಾರ್ಧ ಮುಗಿದಾಗ ಲಯನ್ಸ್ 24-7ರಿಂದ ಮುಂದಿತ್ತು. ಅಣ್ಣ ಫೋನಿನಲ್ಲಿ ಕೂಗಾಡುತ್ತಿದ್ದ. ಆಮೇಲೆ ಚೊಗರು ಉಕ್ಕಿ ಒಲೆಗೆ ಬೀಳುವವರೆಗೂ ನನಗೆ ಹಂಡೆಯ ಕಡೆ ಗಮನವೇ ಹೋಗಲಿಲ್ಲ. ಕೊನೆಗೆ 34-31, ಸೋಲು.

ಅಣ್ಣನ ವಾದ ಸರಳವಾಗಿದೆ. ಕೋಚ್ ಡಾನ್ ಕ್ಯಾಂಬೆಲ್ ಎರಡು ಸಲ ನಾಲ್ಕನೇ ಡೌನ್‌ನಲ್ಲಿ, ಅಂದರೆ ಕೊನೆಯ ಅವಕಾಶದಲ್ಲಿ, ಚೆಂಡನ್ನು ಒದೆಯಿಸದೆ ಆಡಿಸಿದ, ಎರಡೂ ಸಲ ಕೈಕೊಟ್ಟಿತು. ಒದೆದಿದ್ದರೆ ಮೂರು ಮೂರು ಆರು ಅಂಕ, ಸೋತದ್ದು ಮೂರರಿಂದ. ಈ ವಾದವನ್ನು ಅವನು ಇಂದಿಗೂ ಬಿಟ್ಟಿಲ್ಲ, ಊರಿಗೆ ಬಂದಾಗಲೂ ಇದೇ ಮಾತು. ನನಗೇಕೋ ಈ ಲೆಕ್ಕ ಸರಿ ಕಾಣುವುದಿಲ್ಲ, ಆದರೆ ಎಲ್ಲಿ ತಪ್ಪಿದೆ ಎಂದು ಹೇಳಲು ಬರುತ್ತಿಲ್ಲ. ಬಲ್ಲವರು ಹೇಳಿ.

ಅಂಕೋಲೆಯ ಮಾಸ್ತರ

ಅಣ್ಣನ ಲೆಕ್ಕ ತಪ್ಪು. ಆದರೆ ಕೋಚ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಅವನ ಅಪರಾಧ ಬೇರೆ ಕಡೆ ಇದೆ, ಅದನ್ನು ಯಾರೂ ಎತ್ತುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ ಇರುತ್ತದೆ, ಒಂದೊಂದಕ್ಕೂ ಡೌನ್ ಎನ್ನುತ್ತಾರೆ. ಮೂರರಲ್ಲಿ ಆಗಲಿಲ್ಲವೆಂದರೆ ಬಹಳಷ್ಟು ತಂಡಗಳು ನಾಲ್ಕನೆಯದರಲ್ಲಿ ಚೆಂಡನ್ನು ದೂರ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತವೆ, ಕಂಬ ಹತ್ತಿರವಿದ್ದರೆ ಕಂಬಗಳ ನಡುವೆ ಒದ್ದು ಮೂರು ಅಂಕ ತೆಗೆದುಕೊಳ್ಳುತ್ತವೆ. ನಾನು ಹುಡುಗಿಯರಿಗೆ ಕಬಡ್ಡಿ ಕಲಿಸುವವನು, ಹಾಗಾಗಿ ನನಗೆ ಇದು ಮೂರನೇ ರೈಡ್‌ನಂತೆ ಕಾಣುತ್ತದೆ. ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ಹೊರಗೆ. ಒಂದೇ ವ್ಯತ್ಯಾಸ: ಕಬಡ್ಡಿಯಲ್ಲಿ ನಿಯಮವೇ ನಮ್ಮ ಕುತ್ತಿಗೆ ಹಿಡಿಯುತ್ತದೆ, ಅಲ್ಲಿ ಕೋಚ್ ತಾನಾಗಿಯೇ ಕುತ್ತಿಗೆ ಒಡ್ಡಬೇಕು. ಒಡ್ಡುವ ಎದೆ ಬಹಳ ಜನರಿಗೆ ಇರುವುದಿಲ್ಲ. ಕ್ಯಾಂಬೆಲ್‌ಗೆ ಇತ್ತು.

ಆ ಋತು ಶುರುವಾದದ್ದೇ ಹಾಗೆ. 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯವೇ ಹಾಲಿ ಚಾಂಪಿಯನ್ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ, ಅವರದೇ ಅಂಗಳದಲ್ಲಿ. ಲಯನ್ಸ್ ಇನ್ನೂ ತನ್ನದೇ 17 ಗಜದ ಗೆರೆಯಲ್ಲಿತ್ತು, ನಾಲ್ಕನೇ ಡೌನ್, ಎರಡು ಗಜ ಬೇಕು. ಎಲ್ಲರೂ ಒದೆಯುತ್ತಾರೆ ಎಂದು ಕಾಯುತ್ತಿದ್ದರೆ ಇವರು ಒದೆಯುವ ಸೋಗು ಹಾಕಿ ಜೇಲನ್ ರೀವ್ಸ್-ಮೇಬಿನ್ ಕೈಗೆ ಚೆಂಡು ಕೊಟ್ಟು ಓಡಿಸಿದರು! ಅಲ್ಲಿ ತಪ್ಪಿದ್ದರೆ ಚೀಫ್ಸ್‌ಗೆ ಚೆಂಡು ಮನೆ ಬಾಗಿಲಲ್ಲೇ ಸಿಗುತ್ತಿತ್ತು. ತಪ್ಪಲಿಲ್ಲ, ಅದೇ ದಾಳಿ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಆಯಿತು. ಪಂದ್ಯ 21-20, ಒಂದೇ ಅಂಕದ ಗೆಲುವು.

ನವೆಂಬರ್ 12ರಂದು ಚಾರ್ಜರ್ಸ್ ವಿರುದ್ಧ 38-38. ಎರಡು ನಿಮಿಷವೂ ಉಳಿದಿರಲಿಲ್ಲ. ಎದುರಾಳಿಯ 26 ಗಜದ ಗೆರೆ, ನಾಲ್ಕನೇ ಡೌನ್, ಎರಡು ಗಜ. ಅಲ್ಲೇ ಒದ್ದು ಮುನ್ನಡೆ ತೆಗೆದುಕೊಳ್ಳಬಹುದಿತ್ತು, ಆದರೆ ಎದುರಾಳಿಗೆ ಉತ್ತರ ಕೊಡಲು ಸಮಯ ಉಳಿಯುತ್ತಿತ್ತು. ಕ್ಯಾಂಬೆಲ್ ಆಡಿಸಿದ. ಲಯನ್ಸ್‌ನ ಎಸೆತಗಾರ ಗಾಫ್ ಎಸೆದ, ಹೊಸ ಹುಡುಗ ಸ್ಯಾಮ್ ಲಾಪೋರ್ಟಾ ಹಿಡಿದ. ಆಮೇಲೆ ಗಡಿಯಾರವನ್ನು ತಿಂದು, ಕೊನೆಯ ಕ್ಷಣದಲ್ಲಿ ಒದ್ದು 41-38. ಆ ರಾತ್ರಿ ಅಣ್ಣ ಫೋನ್ ಮಾಡಿ ‘ಒದೆಯಬೇಕಿತ್ತು’ ಎಂದನೇ? ಕೇಳಿ ನೋಡಿ.

ಈಗ ಸ್ಯಾನ್ ಫ್ರಾನ್ಸಿಸ್ಕೊ. ಮೊದಲ ಸಲ ಲಯನ್ಸ್ 24-10ರಿಂದ ಮುಂದಿತ್ತು, ಚೆಂಡು 28ರ ಗೆರೆಯಲ್ಲಿ, ಎರಡು ಗಜ ಬೇಕು. ಗಾಫ್ ಎಸೆದ ಚೆಂಡು ಜಾಶ್ ರೆನಾಲ್ಡ್ಸ್ ಕೈಗೆ ನೇರವಾಗಿ ಬಂತು. ಬಿಟ್ಟ. ತಂತ್ರ ಕೆಲಸ ಮಾಡಿತ್ತು, ಕೈ ಕೆಲಸ ಮಾಡಲಿಲ್ಲ. ಅದರ ಬೆನ್ನಿಗೇ ಸ್ಯಾನ್ ಫ್ರಾನ್ಸಿಸ್ಕೊದ ಬ್ರಾಕ್ ಪರ್ಡಿ ದೂರಕ್ಕೆ ಎಸೆದದ್ದು ಲಯನ್ಸ್ ಆಟಗಾರನ ಶಿರಸ್ತ್ರಾಣಕ್ಕೆ ಬಡಿದು ಮೇಲೆ ಹಾರಿ, ಬೀಳುತ್ತಿದ್ದ ಅವನ ಜೊತೆಗಾರ ಐಯೂಕ್‌ನ ತೋಳಿಗೆ ಬಂತು, 51 ಗಜ. ಆ ದಾಳಿ ಟಚ್‌ಡೌನ್ ಆಯಿತು. ನಂತರದ ಲಯನ್ಸ್ ದಾಳಿಯ ಮೊದಲ ಓಟದಲ್ಲೇ ಜಾಮಿರ್ ಗಿಬ್ಸ್ ಚೆಂಡು ಕಳೆದುಕೊಂಡ. ಮೂರನೇ ಕಾಲು ಮುಗಿಯುವಾಗ 24-24. ಇದರಲ್ಲಿ ಕೋಚ್ ಮಾಡಿದ್ದೇನು? ಒದ್ದು 27-10 ಮಾಡಿಕೊಂಡಿದ್ದರೂ ಗಿಬ್ಸ್‌ನ ಕೈಯಿಂದ ಚೆಂಡು ಜಾರುವುದು ಜಾರುತ್ತಿತ್ತೋ ಇಲ್ಲವೋ ಯಾರು ಬಲ್ಲರು? ಆರು ಅಂಕವನ್ನು ಕೊನೆಯ ಮೊತ್ತಕ್ಕೆ ಅಂಟಿಸಿ, ಉಳಿದದ್ದೆಲ್ಲ ಹಾಗೆಯೇ ನಡೆಯುತ್ತಿತ್ತು ಎಂದು ಹೇಳುವುದು ಲೆಕ್ಕವಲ್ಲ.

ಹಾಗಾದರೆ ತಪ್ಪು ಎಲ್ಲಿ? ಒಂದು ನಿಮಿಷದ ಮೇಲೆ ಕೆಲವೇ ಸೆಕೆಂಡ್ ಉಳಿದಿದ್ದಾಗ, ಮೂರನೇ ಡೌನ್‌ನಲ್ಲಿ. ಲಯನ್ಸ್ 34-24ರಿಂದ ಹಿಂದೆ, ಗೋಲ್ ಗೆರೆಗೆ ಒಂದು ಗಜ, ಕೈಯಲ್ಲಿ ಮೂರು ಟೈಮ್‌ಔಟ್, ಅಂದರೆ ಗಡಿಯಾರ ನಿಲ್ಲಿಸುವ ಅವಕಾಶ. ಎಸೆದಿದ್ದರೆ, ಹಿಡಿಯದೇ ಹೋದರೂ ಗಡಿಯಾರ ನಿಲ್ಲುತ್ತಿತ್ತು. ಮಾಂಟ್ಗೊಮೆರಿಯನ್ನು ಓಡಿಸಿದರು. ಅವನು ಎರಡು ಗಜ ಹಿಂದೆಯೇ ಬಿದ್ದ. ಗಡಿಯಾರ ಓಡುತ್ತಿತ್ತು, ಒಂದು ಟೈಮ್‌ಔಟ್ ಸುಟ್ಟುಹೋಯಿತು. ಇದನ್ನು ಬಿಟ್ಟು ಊರೆಲ್ಲ ನಾಲ್ಕನೇ ಡೌನ್ ಹಿಡಿದುಕೊಂಡು ಕೂತಿದೆ.

ಕುಮಟೆಯ ಹಳೆಯ ಇಂಜಿನಿಯರ್

ಮಾಸ್ತರರ ಮಾತಿನಲ್ಲಿ ಮುಕ್ಕಾಲು ಪಾಲು ಒಪ್ಪುತ್ತೇನೆ. ಉಳಿದ ಕಾಲು ಪಾಲಿಗೆ ಜಗಳ.

ನಾನು ಡೆಟ್ರಾಯಿಟ್ ಪಕ್ಕದ ಊರಿನಲ್ಲಿ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿ ಈಗ ತೆಂಗಿನ ತೋಟ ನೋಡಿಕೊಂಡಿರುವವನು. 2008ರ ಚಳಿಗಾಲದಲ್ಲಿ ಅಲ್ಲಿದ್ದೆ. ಲಯನ್ಸ್ 16 ಆಟ ಆಡಿ 16ನ್ನೂ ಸೋತಿತು. 16 ಆಟಗಳ ಋತುವಿನಲ್ಲಿ ಒಂದನ್ನೂ ಗೆಲ್ಲದ ಮೊದಲ ತಂಡ. ಮರುವರ್ಷ ಜನರಲ್ ಮೋಟಾರ್ಸ್, ಕ್ರೈಸ್ಲರ್ ಎರಡೂ ದಿವಾಳಿ ಅರ್ಜಿ ಹಾಕಿದವು. ನಮ್ಮ ವಿಭಾಗದಲ್ಲಿ ಸೋಮವಾರ ಬೆಳಗ್ಗೆ ಯಾರ ಮೇಜು ಖಾಲಿಯಾಗಿದೆ ಎಂದು ನೋಡಿದ ಮೇಲೆ, ಭಾನುವಾರ ಎಷ್ಟರಿಂದ ಸೋತರು ಎಂದು ಮಾತಾಡುತ್ತಿದ್ದೆವು. ಕ್ರೀಡಾಂಗಣದಲ್ಲಿ ಜನ ಕಂದು ಕಾಗದದ ಚೀಲಕ್ಕೆ ಕಣ್ಣಿನ ತೂತು ಕೊರೆದು ತಲೆಗೆ ಹಾಕಿಕೊಂಡು ಕೂರುತ್ತಿದ್ದರು, ಮುಖ ತೋರಿಸಲು ನಾಚಿಕೆಯಾಗಿ.

ಅಂಥ ಊರಿಗೆ 2021ರಲ್ಲಿ ಕ್ಯಾಂಬೆಲ್ ಬಂದ. ಮೊದಲ ಪತ್ರಿಕಾಗೋಷ್ಠಿಯಲ್ಲೇ, ನಮ್ಮನ್ನು ಕೆಡವಿದರೆ ಏಳುವಾಗ ನಿಮ್ಮ ಮಂಡಿಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ ಎಂಬ ಅರ್ಥದ ಮಾತಾಡಿದ. ದೇಶವೆಲ್ಲ ನಕ್ಕಿತು. ಮೊದಲ ವರ್ಷ ಮೂರೇ ಗೆಲುವು. ಎರಡನೇ ವರ್ಷ ಮೊದಲ ಏಳರಲ್ಲಿ ಆರು ಸೋತು, ಆಮೇಲೆ ಚೇತರಿಸಿಕೊಂಡು 9-8. 2023ರಲ್ಲಿ 12-5, ಮೂವತ್ತು ವರ್ಷದ ನಂತರ ಮೊದಲ ವಿಭಾಗ ಪ್ರಶಸ್ತಿ.

ನನ್ನ ಮಟ್ಟಿಗೆ ಆ ಋತುವಿನ ತುದಿ ಸ್ಯಾನ್ ಫ್ರಾನ್ಸಿಸ್ಕೊ ಅಲ್ಲವೇ ಅಲ್ಲ. ಅದು ರ‍್ಯಾಮ್ಸ್ ವಿರುದ್ಧದ ಪಂದ್ಯ. ಹನ್ನೆರಡು ವರ್ಷ ಡೆಟ್ರಾಯಿಟ್‌ಗೆ ಆಡಿದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಮ್ಯಾಥ್ಯೂ ಸ್ಟಾಫರ್ಡ್‌ನನ್ನು 2021ರಲ್ಲಿ ರ‍್ಯಾಮ್ಸ್‌ಗೆ ಕೊಟ್ಟು, ಬದಲಿಗೆ ಆ ತಂಡಕ್ಕೆ ಬೇಡವಾಗಿದ್ದ ಜೇರೆಡ್ ಗಾಫ್‌ನನ್ನೂ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕೆಲವು ಹಕ್ಕುಗಳನ್ನೂ ಪಡೆದಿದ್ದರು. ಸ್ಟಾಫರ್ಡ್ ಹೋದ ಮೊದಲ ವರ್ಷವೇ ಸೂಪರ್ ಬೌಲ್ ಗೆದ್ದ. ಅದೇ ಸ್ಟಾಫರ್ಡ್ 2024ರ ಜನವರಿಯಲ್ಲಿ ಎದುರಾಳಿಯಾಗಿ ಲಯನ್ಸ್‌ನ ಅಂಗಳ ಫೋರ್ಡ್ ಫೀಲ್ಡ್‌ಗೆ ಬಂದ. ನಮ್ಮಲ್ಲಿ ಅದು ಸಂಕ್ರಾಂತಿಯ ಬೆಳಗ್ಗೆ, ಆರೂಮುಕ್ಕಾಲಕ್ಕೆ. ಸಂಕ್ರಾಂತಿ ಕಾಳು ಹಂಚಲು ಬಂದ ಪಕ್ಕದ ಮನೆಯ ಮಕ್ಕಳನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೊನೆಯ ನಿಮಿಷಗಳನ್ನು ನೋಡಿದೆ. 24-23. ಅದಕ್ಕೂ ಹಿಂದೆ ಲಯನ್ಸ್ ಪ್ಲೇಆಫ್ (ಸೋತವರು ಹೊರಹೋಗುವ ಕೊನೆಯ ಹಂತ) ಪಂದ್ಯ ಗೆದ್ದದ್ದು 1992ರ ಜನವರಿಯಲ್ಲಿ. ಕ್ರೀಡಾಂಗಣವೆಲ್ಲ ಗಾಫ್‌ನ ಹೆಸರು ಕೂಗುತ್ತಿತ್ತು.

ಇನ್ನು ಜಗಳದ ವಿಷಯ. ಮೊದಲನೆಯದನ್ನು ಮನ್ನಿಸುತ್ತೇನೆ. ಎರಡನೆಯದನ್ನು ಮನ್ನಿಸಲಾರೆ. ಆಗ 27-24ರಿಂದ ಹಿಂದೆ, ಏಳೂವರೆ ನಿಮಿಷ ಬಾಕಿ, 30ರ ಗೆರೆ, ಮೂರು ಗಜ ಬೇಕು. ಒದ್ದರೆ 48 ಗಜ, ಪಂದ್ಯ ಸಮ. ನೆನಪಿಡಿ, ಇದೇ ಕ್ಯಾಂಬೆಲ್ ಅದೇ ಪಂದ್ಯದ ಮೊದಲಾರ್ಧದ ಕೊನೆಯ ಗಳಿಗೆಯಲ್ಲಿ, ಗೋಲ್ ಗೆರೆಯ ಬುಡದಲ್ಲಿದ್ದಾಗ, ಒದೆಯಿಸಿಯೇ 24-7 ಮಾಡಿಕೊಂಡಿದ್ದ. ಅಂದರೆ ಅವನಿಗೂ ಒದೆಯುವ ಹೊತ್ತು ಯಾವುದೆಂದು ಗೊತ್ತಿತ್ತು. ಎದುರಾಳಿ ಸತತವಾಗಿ 20 ಅಂಕ ಮಾಡಿ ಮೈಮೇಲೆ ಬರುತ್ತಿರುವಾಗ ಮೊದಲು ಸಮ ಮಾಡಿಕೊಂಡು ಉಸಿರು ಬಿಡಬೇಕು. ಮಾಸ್ತರರೇ, ನಿಮ್ಮ ಹುಡುಗಿಯರಿಗೂ ನೀವು ಇದನ್ನೇ ಹೇಳುತ್ತೀರಿ, ಇಲ್ಲ ಎನ್ನಬೇಡಿ.

ಕೋಡಿಬಾಗ

ಒದೆಯುವವನ ವಿಷಯ ಯಾರೂ ಹೇಳಲಿಲ್ಲ. ಋತುವಿನ ಬಹುಪಾಲು ರೈಲಿ ಪ್ಯಾಟರ್ಸನ್ ಒದೆಯುತ್ತಿದ್ದ. ಡಿಸೆಂಬರ್‌ನಲ್ಲಿ ಅವನನ್ನು ಕೈಬಿಟ್ಟು ಮೈಕಲ್ ಬ್ಯಾಜ್ಲಿಯನ್ನು ತಂದರು. ಬ್ಯಾಜ್ಲಿ ರ‍್ಯಾಮ್ಸ್ ವಿರುದ್ಧ 54 ಗಜದಿಂದ ಹೊಡೆದಿದ್ದ, ನಿಜ. ಆದರೆ ಅದು ಚಾವಣಿಯ ಕೆಳಗೆ, ಗಾಳಿಯಿಲ್ಲದ ಕಡೆ. ಸ್ಯಾನ್ ಫ್ರಾನ್ಸಿಸ್ಕೊ ತಂಡದ ಸ್ಯಾಂಟಾ ಕ್ಲಾರಾದ್ದು ತೆರೆದ ಅಂಗಳ, ಹುಲ್ಲಿನ ನೆಲ. 46, 48 ಗಜ ಎಂದರೆ ಜೇಬಿನಲ್ಲಿಟ್ಟುಕೊಂಡ ಮೂರು ಅಂಕವಲ್ಲ. ಅಣ್ಣನಿಗೆ ಇದನ್ನೂ ಹೇಳಿ.

ಅಂದಹಾಗೆ ವಿಭಾಗ ಪ್ರಶಸ್ತಿ ಖಾತ್ರಿಯಾದದ್ದು ಮಿನೆಸೋಟದಲ್ಲಿ, ಡಿಸೆಂಬರ್ 24ರಂದು, 30-24. ನಾವು ಕ್ರಿಸ್‌ಮಸ್ ರಾತ್ರಿಯ ಪೂಜೆ ಮುಗಿಸಿ ಕಾರವಾರದ ಚಳಿಯಲ್ಲಿ (ಶಿರಸಿಯವರು ನಗಬೇಡಿ) ಮನೆಗೆ ಬರುವಾಗ ಕೊನೆಯ ಕಾಲು ನಡೆಯುತ್ತಿತ್ತು. ಮೆಲಿಫೊನ್ವು ಎದುರಾಳಿಯ ಎಸೆತವನ್ನು ಕಸಿದು ಮುಗಿಸಿದಾಗ ನಾನು ಕೂಗಿದ್ದಕ್ಕೆ ಇಡೀ ಓಣಿಯ ನಾಯಿಗಳು ಎದ್ದವು.

ಅಡಿಕೆತೋಟ, ಶಿರಸಿ

ಎಲ್ಲರಿಗೂ ಧನ್ಯವಾದ. ಇಡೀ ಎಳೆಯನ್ನು ಅಣ್ಣನಿಗೆ ಕಳಿಸಿದೆ. ‘ಕುಮಟೆಯವರು ಹೇಳಿದ್ದೇ ಸರಿ’ ಎಂದು ಒಂದೇ ಸಾಲು ಬರೆದಿದ್ದಾನೆ, ಉಳಿದದ್ದನ್ನು ಓದಿದಂತೆ ಕಾಣಲಿಲ್ಲ.

ಮಾಸ್ತರರಿಗೆ ಒಂದು ಪ್ರಶ್ನೆ. ಟೈಮ್‌ಔಟ್ ಒಂದು ಹೋದರೆ ಅಷ್ಟು ದೊಡ್ಡ ನಷ್ಟವೇ? ಇನ್ನೂ ಎರಡು ಇದ್ದವಲ್ಲ. ಮುಂದಿನ ಎಸೆತದಲ್ಲೇ ಜೇಮ್ಸನ್ ವಿಲಿಯಮ್ಸ್ ಟಚ್‌ಡೌನ್ ಕೂಡ ಮಾಡಿದ.

ಅಂಕೋಲೆಯ ಮಾಸ್ತರ

ಮಾಡಿದ. 34-31, ಉಳಿದದ್ದು 56 ಸೆಕೆಂಡ್. ಇಲ್ಲಿಂದ ಲೆಕ್ಕ ಹಾಕಿ. ಮೂರು ಟೈಮ್‌ಔಟ್ ಇದ್ದಿದ್ದರೆ ಚೆಂಡನ್ನು ದೂರಕ್ಕೆ ಒದ್ದು ಕೊಟ್ಟುಬಿಡಬಹುದಿತ್ತು. ಸ್ಯಾನ್ ಫ್ರಾನ್ಸಿಸ್ಕೊ ಮೂರು ಸಲ ಓಡುತ್ತದೆ, ಒಂದೊಂದಕ್ಕೆ ಐದಾರು ಸೆಕೆಂಡ್. ಪ್ರತಿ ಸಲವೂ ಗಡಿಯಾರ ನಿಲ್ಲಿಸಬೇಕು. ಹತ್ತು ಗಜ ಬಿಟ್ಟುಕೊಡದಿದ್ದರೆ ಅರ್ಧ ನಿಮಿಷದಷ್ಟು ಸಮಯ ಇರುವಾಗ ಚೆಂಡು ಮತ್ತೆ ಗಾಫ್ ಕೈಗೆ ಬರುತ್ತದೆ. ಎರಡೇ ಇದ್ದರೆ ಮೂರನೇ ಓಟದ ಬಳಿಕ ಗಡಿಯಾರ ನಿಲ್ಲುವುದಿಲ್ಲ. ಮುಂದಿನ ಆಟ ಶುರು ಮಾಡಲು ಅವರಿಗೆ 40 ಸೆಕೆಂಡ್ ಸಮಯವಿರುತ್ತದೆ, ಅಷ್ಟರಲ್ಲಿ ಪಂದ್ಯವೇ ಮುಗಿದಿರುತ್ತದೆ. ಆದ್ದರಿಂದ ಬೇರೆ ದಾರಿಯಿಲ್ಲದೆ ಆನ್‌ಸೈಡ್ ಕಿಕ್, ಅಂದರೆ ಹತ್ತಿರಕ್ಕೆ ಒದ್ದು ತಾವೇ ಹಿಡಿಯುವ ಪ್ರಯತ್ನ. ಅದು ಬಹಳ ಅಪರೂಪಕ್ಕೆ ಫಲಿಸುವಂಥದ್ದು. ಫಲಿಸಲಿಲ್ಲ.

ಕುಮಟೆಯವರಿಗೆ: ಹೌದು, ನನ್ನ ಹುಡುಗಿಯರಿಗೆ ಸಮ ಮಾಡಿಕೊಳ್ಳಿ ಎಂದೇ ಹೇಳುತ್ತೇನೆ. ಅವರಲ್ಲಿ ಅರ್ಧ ಜನ ಕೇಳುವುದಿಲ್ಲ, ಆ ಅರ್ಧವೇ ತಂಡಕ್ಕೆ ಅಂಕ ತರುವುದು. ಕ್ಯಾಂಬೆಲ್ ಕೂಡ ಪಂದ್ಯ ಮುಗಿದ ಮೇಲೆ ಆ ಎರಡು ನಿರ್ಧಾರಕ್ಕೆ ವಿಷಾದವಿಲ್ಲ ಎಂದ. ಮರುವರ್ಷ ಅದೇ ಸ್ವಭಾವದಿಂದ 15-2 ಮಾಡಿದ, ತಂಡದ ಇತಿಹಾಸದಲ್ಲೇ ಅತಿ ಹೆಚ್ಚು ಗೆಲುವು. ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ ವಾಷಿಂಗ್ಟನ್ ಎದುರು 45-31ರಿಂದ ಸೋತ ಎಂದು ನೀವು ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ.

2023ರ ಡಿಸೆಂಬರ್‌ನಲ್ಲಿ ಡಲ್ಲಾಸ್ ವಿರುದ್ಧ 20-19ರಿಂದ ಸೋತ ಪಂದ್ಯವನ್ನು ದಯವಿಟ್ಟು ಇಲ್ಲಿ ಎತ್ತಬೇಡಿ. ಎಸೆತ ಹಿಡಿಯುವ ಅರ್ಹತೆ ತನಗಿದೆ ಎಂದು 68ನೇ ಸಂಖ್ಯೆಯ ಡೆಕರ್ ರೆಫರಿಗೆ ಹೇಳಿದನೋ, 70ನೇ ಸಂಖ್ಯೆಯ ಸ್ಕಿಪ್ಪರ್ ಹೇಳಿದನೋ ಎಂಬ ಪ್ರಕರಣಕ್ಕೆ ಬೇರೆಯೇ ಎಳೆ ತೆರೆಯಿರಿ. ಶನಿವಾರ ಸಂಜೆಯ ನಂತರ ತೆರೆದರೆ ಒಳ್ಳೆಯದು, ಅಲ್ಲಿಯವರೆಗೆ ನಮಗೆ ತಾಲ್ಲೂಕು ಮಟ್ಟದ ಪಂದ್ಯಗಳಿವೆ.