ಭಾನುವಾರದ ಪ್ರಶ್ನೋತ್ತರ: ಖಾತೆ, ಕಂದಾಯ, ಜನನ-ಮರಣ ಪತ್ರ

ಗುಂಪಿನ ನಿರ್ವಾಹಕರು: ತುಮಕೂರಿನ ಗೆಳೆಯರೇ, ನಗರಾಡಳಿತದ ಕಂದಾಯ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿಯೊಬ್ಬರು ಇವತ್ತು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಒಬ್ಬರು ಒಂದೇ ಪ್ರಶ್ನೆ ಕೇಳಿ. ಯಾವ ಬಡಾವಣೆ ಅಂತ ಬರೆದರೆ ಸಾಕು. ಆಧಾರ್, ಫೋನ್ ನಂಬರ್ ಇಲ್ಲಿ ಹಾಕಬೇಡಿ.

ಎಸ್‌ಐಟಿ ಬಡಾವಣೆ: ನಮಸ್ತೆ ಸರ್. ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿದರೆ ರಿಯಾಯಿತಿ ಇದೆಯಾ?

ಉತ್ತರ: ನಮಸ್ತೆ. ಇದೆ. 30ನೇ ತಾರೀಕಿನೊಳಗೆ ಪೂರ್ತಿ ವರ್ಷದ್ದು ಕಟ್ಟಿದರೆ ಶೇ 5. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ 2 ದಂಡ. ಕಟ್ಟುವ ಮೊದಲು ಚಲನ್ ಮೇಲಿನ ಪಿಐಡಿ ನಂಬರ್, ಅಂದರೆ ಆಸ್ತಿಯ ಗುರುತಿನ ಸಂಖ್ಯೆ, ನಿಮ್ಮ ಮನೆಯದೇನಾ ನೋಡಿಕೊಳ್ಳಿ. ಪಕ್ಕದ ಮನೆಯ ನಂಬರಿಗೆ ಕಟ್ಟಿದರೆ ಆಮೇಲೆ ಅದನ್ನು ಸರಿಮಾಡಿಸಲು ತುಂಬಾ ಓಡಾಡಬೇಕಾಗುತ್ತದೆ.

ಗುಬ್ಬಿಯಿಂದ: ಮಗು ಹುಟ್ಟಿದ್ದು ತುಮಕೂರಿನ ಆಸ್ಪತ್ರೆಯಲ್ಲಿ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಇದೆ. ಈಗ ಮೂರು ವರ್ಷ. ಗುಬ್ಬಿಯಲ್ಲೇ ಹೆಸರು ಸೇರಿಸಬಹುದಾ?

ಉತ್ತರ: ಆಗುವುದಿಲ್ಲ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ಜನನ-ಮರಣ ನೋಂದಣಾಧಿಕಾರಿಯೇ ಸೇರಿಸಬೇಕು. ಮೊದಲ ವರ್ಷದೊಳಗೆ ಆಗಿದ್ದರೆ ಶುಲ್ಕ ಇರುತ್ತಿರಲಿಲ್ಲ. ಈಗ ವಿಳಂಬ ಶುಲ್ಕ ಕಟ್ಟಿ ಸೇರಿಸಬಹುದು. 15 ವರ್ಷದವರೆಗೂ ಅವಕಾಶ ಇದೆ. ಆದರೆ ಶಾಲೆಗೆ ಸೇರಿಸುವ ಮೊದಲೇ ಮುಗಿಸಿಕೊಳ್ಳಿ. ಶಾಲೆಯಲ್ಲಿ ಒಂದು ಸ್ಪೆಲಿಂಗ್, ಪತ್ರದಲ್ಲಿ ಇನ್ನೊಂದು ಆದರೆ ಮುಂದೆ ಪಾಸ್‌ಪೋರ್ಟ್‌ವರೆಗೂ ತೊಂದರೆ.

ಬಟವಾಡಿ: ಸರ್ ತೆರಿಗೆಗೆ ರಿಯಾಯಿತಿ ಯಾವಾಗಿನವರೆಗೆ?

ಉತ್ತರ: ಮೇಲೆ ಬರೆದಿದ್ದೇನೆ.

ದಿಬ್ಬೂರು: ನಮ್ಮದು ರೆವಿನ್ಯೂ ಸೈಟು, ಭೂ ಪರಿವರ್ತನೆ ಆಗದ ಜಮೀನಿನಲ್ಲಿ ಮಾಡಿದ್ದು. ಬಿ ಖಾತೆ ಆಗಿದೆ. ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂದಿದೆ. ಸತತವಾಗಿ ತೆರಿಗೆ ಕಟ್ಟುತ್ತಾ ಹೋದರೆ ತಾನಾಗಿಯೇ ಎ ಖಾತೆ ಆಗುತ್ತದಂತೆ. ನಿಜವಾ?

ಉತ್ತರ: ಸುಳ್ಳು. ತಾನಾಗಿಯೇ ಯಾವುದೂ ಆಗುವುದಿಲ್ಲ. ಬಿ ಖಾತೆ ಅಂದರೆ ನಿಮ್ಮ ಸೈಟು ತೆರಿಗೆಯ ಲೆಕ್ಕಕ್ಕೆ ಬಂತು, ಅಷ್ಟೇ. ಎ ಖಾತೆಗೆ ಬೇಕಾದ ಭೂ ಪರಿವರ್ತನೆ, ಬಡಾವಣೆಯ ನಕ್ಷೆಗೆ ಅನುಮೋದನೆ, ಇವು ಬೇರೆ ವಿಷಯ. ಸರ್ಕಾರ ಏನಾದರೂ ಹೊಸ ಅವಕಾಶ ಕೊಟ್ಟರೆ ಅದಕ್ಕೆ ಆದೇಶ ಬರುತ್ತದೆ, ಅರ್ಜಿ ಇರುತ್ತದೆ, ಶುಲ್ಕ ಇರುತ್ತದೆ. ಆದೇಶದ ಸಂಖ್ಯೆ, ದಿನಾಂಕ ಇಲ್ಲದ ಮೆಸೇಜನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ.

ಶೆಟ್ಟಿಹಳ್ಳಿ: ಬೀದಿಯಲ್ಲಿ ತಿಂಡಿ ಗಾಡಿ ಇಡಬೇಕು ಅಂತಿದ್ದೇನೆ. ಲೈಸೆನ್ಸ್ ಎಲ್ಲಿ ಮಾಡಿಸಬೇಕು ಸರ್?

ಕ್ಯಾತ್ಸಂದ್ರ: ಸರ್, ನಾನು ವಿಧವೆ. ಎರಡು ಮಕ್ಕಳಿದ್ದಾರೆ, ಇಬ್ಬರೂ ಶಾಲೆಗೆ ಹೋಗುತ್ತಾರೆ. ಯಜಮಾನರು 2021ರಲ್ಲಿ ತೀರಿಕೊಂಡರು. ಮಾವ 2023ರಲ್ಲಿ ಹೋದರು. ಮನೆ ಮಾವನ ಹೆಸರಲ್ಲಿತ್ತು, ಅವರೇ ದುಡಿದು ಕಟ್ಟಿಸಿದ್ದು. ನಾನು, ಅತ್ತೆ, ಮಕ್ಕಳು ಅದೇ ಮನೆಯಲ್ಲಿದ್ದೇವೆ. ಮೊನ್ನೆ ತೆರಿಗೆ ಕಟ್ಟಲು ಹೋದರೆ ಚಲನ್‌ನಲ್ಲಿ ಭಾವನ ಹೆಸರು ಬಂತು. ಕಳೆದ ವರ್ಷವೇ ಖಾತೆ ಬದಲಾಗಿದೆಯಂತೆ. ನಮಗೆ ಯಾರೂ ಹೇಳಲಿಲ್ಲ. ಈಗ ಭಾವ ಒಂದು ಪೇಪರಿಗೆ ಸಹಿ ಹಾಕು, ಎರಡು ಲಕ್ಷ ಕೊಡುತ್ತೇನೆ ಅನ್ನುತ್ತಾರೆ. ಹಾಕಬಹುದಾ?

ಉತ್ತರ: ಹಾಕಬೇಡಿ. ಯಾವ ಪೇಪರಿಗೂ ಸಹಿ ಬೇಡ, ಖಾಲಿ ಹಾಳೆಗಂತೂ ಬೇಡವೇ ಬೇಡ. ಒಂದು ವಿಷಯ ಹೇಳಿ. ಮಾವ ಉಯಿಲು ಬರೆದಿದ್ದಾರಾ? ಅತ್ತೆ ಏನಾದರೂ ಸಹಿ ಹಾಕಿಕೊಟ್ಟಿದ್ದಾರಾ? ನಾದಿನಿಯರು ಎಷ್ಟು ಜನ?

ಕ್ಯಾತ್ಸಂದ್ರ: ಉಯಿಲು ಇಲ್ಲ ಸರ್. ಒಬ್ಬರೇ ನಾದಿನಿ, ಮದುವೆಯಾಗಿ ಶಿರಾದಲ್ಲಿದ್ದಾರೆ. ಅತ್ತೆಗೆ ನೆನಪಿಲ್ಲವಂತೆ. ಪೆನ್ಷನ್‌ಗೆ ಅಂತ ಒಂದು ಸಲ ಹೆಬ್ಬೆಟ್ಟು ಹಾಕಿಸಿಕೊಂಡಿದ್ದರು ಅನ್ನುತ್ತಾರೆ.

ಮರಳೂರು: ಇದೆಲ್ಲ ಮನೆಯೊಳಗಿನ ವಿಷಯ. ಹಿರಿಯರನ್ನು ಕೂರಿಸಿಕೊಂಡು ಮಾತಾಡಿ ಮುಗಿಸಿ. ಕೋರ್ಟಿಗೆ ಹೋದರೆ ಇಬ್ಬರೂ ಹಾಳಾಗುತ್ತೀರಿ. ಹೆಣ್ಣುಮಕ್ಕಳಿಗೆ ಪಾಲು ಬಂದಿದ್ದೇ 2005ರ ಮೇಲೆ. ಸೊಸೆಗೆ ಎಲ್ಲಿಯ ಪಾಲು?

ಅಶೋಕನಗರ: ಎರಡು ಮಕ್ಕಳ ತಾಯಿಗೆ ಹೇಳುವ ಮಾತಾ ಇದು? ಆ ಹಿರಿಯರು ಖಾತೆ ಬದಲಾಯಿಸುವಾಗ ಎಲ್ಲಿದ್ದರು?

ಮರಳೂರು: ನಾನು ಒಳ್ಳೆಯದಕ್ಕೇ ಹೇಳಿದ್ದು.

ಉತ್ತರ: ಮರಳೂರಿನವರೇ, ತಿಳಿಯದಿದ್ದರೆ ಬರೆಯಬೇಡಿ. ಇಂಥ ಮಾತು ಕೇಳಿಯೇ ಎಷ್ಟೋ ಜನ ಸಹಿ ಹಾಕಿ ಬೀದಿಗೆ ಬಂದಿದ್ದಾರೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳ ಹಕ್ಕಿನ ವಿಷಯ. ಇಲ್ಲಿಗೆ ಅದು ಬೇಕಾಗಿಯೇ ಇಲ್ಲ. ಸ್ವಯಾರ್ಜಿತ ಆಸ್ತಿ ಇದ್ದ ಗಂಡಸು ಉಯಿಲಿಲ್ಲದೆ ತೀರಿಕೊಂಡರೆ, ಅವನಿಗಿಂತ ಮೊದಲೇ ತೀರಿಕೊಂಡ ಮಗನ ಹೆಂಡತಿ, ಮಕ್ಕಳು ಮೊದಲ ದರ್ಜೆಯ ವಾರಸುದಾರರು. ಇದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ.

ಈಗ ಕ್ಯಾತ್ಸಂದ್ರದ ತಾಯಿಗೆ. ನಿಧಾನವಾಗಿ ಓದಿ, ಬೇಕಾದರೆ ಬರೆದಿಟ್ಟುಕೊಳ್ಳಿ.

ನೀವು ಹೇಳಿದ ಪ್ರಕಾರ ಆ ಮನೆಯಲ್ಲಿ ನಾಲ್ಕು ಪಾಲು. ಅತ್ತೆಗೆ ಒಂದು, ಭಾವನಿಗೆ ಒಂದು, ನಾದಿನಿಗೆ ಒಂದು, ನಿಮಗೂ ಮಕ್ಕಳಿಗೂ ಸೇರಿ ಒಂದು. ನಿಮ್ಮ ಪಾಲಿನೊಳಗೆ ಮಕ್ಕಳಿಗೂ ಸಮಭಾಗ. ಅವರು ಅಪ್ರಾಪ್ತರು. ಅವರ ಭಾಗವನ್ನು ತಾಯಿಯಾದ ನೀವೂ ನ್ಯಾಯಾಲಯದ ಅನುಮತಿ ಇಲ್ಲದೆ ಬಿಟ್ಟುಕೊಡುವ ಹಾಗಿಲ್ಲ. ಎರಡು ಲಕ್ಷದ ಮಾತು ಬಂದಾಗ ಇದನ್ನೇ ಹೇಳಿ.

ಖಾತೆ ಅನ್ನುವುದು ಹಕ್ಕಿನ ಪತ್ರ ಅಲ್ಲ. ತೆರಿಗೆ ಯಾರಿಂದ ವಸೂಲು ಮಾಡಬೇಕು ಅನ್ನುವ ದಾಖಲೆ. ಭಾವನ ಹೆಸರಿಗೆ ಖಾತೆ ಆದ ಮಾತ್ರಕ್ಕೆ ಮನೆ ಅವರದಾಗಲಿಲ್ಲ. ಆದರೂ ನನಗೆ ಆತಂಕ ಇರುವುದು ಬೇರೆ ಕಾರಣಕ್ಕೆ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗುವುದಿಲ್ಲ. ಅಂದರೆ ಇ-ಖಾತೆ ಯಾರ ಹೆಸರಲ್ಲಿದೆಯೋ ಅವರಿಗೆ ಮಾರುವ ದಾರಿ ಸಲೀಸು. ಖಾತೆ ಆಗಿಹೋಗಿದ್ದರೂ ಸಹಿ ಬೇಕು ಅನ್ನುತ್ತಿದ್ದಾರೆ ಅಂದರೆ ಕೊಳ್ಳುವವರು ಯಾರೋ ಬಂದು ಕೇಳಿರಬೇಕು. ಇದು ನನ್ನ ಅನುಮಾನ. ಅದಕ್ಕೇ ತಡ ಮಾಡಬೇಡಿ.

ಮೊದಲು ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ಆ ಮನೆಯ ಋಣಭಾರ ಪತ್ರ, ಅದೇ ಇಸಿ, ತೆಗೆಸಿ. ಮಾರಾಟ, ಅಡಮಾನ, ನೋಂದಣಿಯಾದ ಕರಾರು ಏನಿದ್ದರೂ ಅದರಲ್ಲಿ ಬರುತ್ತದೆ. ನೋಂದಣಿಯಾಗದ ಕರಾರು ಬರುವುದಿಲ್ಲ, ನೆನಪಿರಲಿ.

ಆಮೇಲೆ ಖಾತೆ ಬದಲಾವಣೆಯ ಪೂರ್ತಿ ಕಡತದ ದೃಢೀಕೃತ ನಕಲು ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕಡತದಲ್ಲಿ ಮೊದಲು ವಂಶವೃಕ್ಷದ ಹಾಳೆ ತೆಗೆಯಿರಿ. ಮಾವ, ಅತ್ತೆಯ ಕೆಳಗೆ ಎಷ್ಟು ಗೆರೆ ಇಳಿದಿದೆ ನೋಡಿ. ಮೂರು ಮಕ್ಕಳಿಗೆ ಮೂರು ಗೆರೆ ಇರಬೇಕು. ನಿಮ್ಮ ಯಜಮಾನರ ಹೆಸರಿನ ಮುಂದೆ ‘ಮೃತ’ ಅಂತ ಇದ್ದು, ಕೆಳಗೆ ನಿಮ್ಮ ಮೂವರ ಹೆಸರು ಇರಬೇಕು. ಆ ಸಾಲೇ ಇಲ್ಲದಿದ್ದರೆ ಅಥವಾ ಮೃತ ಅಂತ ಬರೆದು ಕೆಳಗೆ ಖಾಲಿ ಬಿಟ್ಟಿದ್ದರೆ, ಅದೇ ನಿಮ್ಮ ದೊಡ್ಡ ಸಾಕ್ಷಿ. ಮಹಜರಿಗೆ, ಅಂದರೆ ಸ್ಥಳಕ್ಕೆ ಬಂದು ಬರೆದುಕೊಂಡ ವರದಿಗೆ, ಸಹಿ ಹಾಕಿದವರು ಯಾರು ಅಂತಲೂ ನೋಡಿ. ಅಕ್ಕಪಕ್ಕದವರಾದರೆ ಅವರಿಗೆ ನೀವು ಗೊತ್ತಿರಲೇಬೇಕು. ಹಿಂದೆಯೇ ಪ್ರಮಾಣಪತ್ರ, ಅಂದರೆ ಅಫಿಡವಿಟ್, ಇರುತ್ತದೆ. ಅತ್ತೆಯ ಹೆಬ್ಬೆಟ್ಟು ಅಲ್ಲೇ ಸಿಗಬಹುದು.

ಅದು ಕೈಗೆ ಬಂದ ಮೇಲೆ ಎರಡು ಕಡೆ ಅರ್ಜಿ. ವಂಶವೃಕ್ಷ ರದ್ದು ಮಾಡಿ ಅಂತ ತಹಶೀಲ್ದಾರರಿಗೆ. ಖಾತೆಯನ್ನು ಮರುಪರಿಶೀಲಿಸಿ ಅಂತ ಪಾಲಿಕೆ ಆಯುಕ್ತರಿಗೆ. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ 1976ರ 114ಎ ಪ್ರಕಾರ, ಸತ್ಯ ಮುಚ್ಚಿಟ್ಟು ಮಾಡಿಸಿಕೊಂಡ ಖಾತೆಯನ್ನು ಮೂರು ವರ್ಷದೊಳಗೆ ಮತ್ತೆ ತೆರೆದು ನೋಡುವ ಅಧಿಕಾರ ಅವರಿಗಿದೆ. ನಿಮ್ಮದು ಕಳೆದ ವರ್ಷದ್ದು, ಹಾಗಾಗಿ ಅವಧಿ ಇದೆ.

ಇಷ್ಟಕ್ಕೇ ನಿಲ್ಲಬೇಡಿ. ಮಾರಾಟ ತಡೆಯಲು ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಯೇ ಬೇಕು. ಪಾಲಿನ ದಾವೆ ಹಾಕಿ, ಜೊತೆಯಲ್ಲೇ ತಡೆಯಾಜ್ಞೆ ಕೇಳಿ. ವಕೀಲರಿಗೆ ದುಡ್ಡಿಲ್ಲ ಅಂತ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ.

ಸಪ್ತಗಿರಿ ಬಡಾವಣೆ: ಸರ್, ಅವರಿಗೆ ಉಪಯೋಗ ಆಗಲಿ ಅಂತ ಒಂದು ಫಾರ್ವರ್ಡ್ ಹಾಕುತ್ತಿದ್ದೇನೆ. ಕೋರ್ಟಿನಲ್ಲಿ ಕೇವಿಯಟ್ ಹಾಕಿದರೆ 90 ದಿನ ಯಾರೂ ಆಸ್ತಿ ಮಾರುವ ಹಾಗಿಲ್ಲವಂತೆ. ವಕೀಲರೇ ಬೇಡವಂತೆ.

ಉತ್ತರ: ತೆಗೆಯಿರಿ ಅದನ್ನು. ದಯವಿಟ್ಟು ಈಗಲೇ ತೆಗೆಯಿರಿ. ಬೇರೆಯವರು ನಿಮ್ಮ ಮೇಲೆ ಕೇಸು ಹಾಕಿದರೆ ನಿಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅನ್ನುವುದಕ್ಕೆ ಕೇವಿಯಟ್. ಅದರಿಂದ ಮಾರಾಟ ನಿಲ್ಲುವುದಿಲ್ಲ. ಈ ತಾಯಿ ಅದನ್ನು ನಂಬಿ 90 ದಿನ ಸುಮ್ನೆ ಕೂತರೆ ಅಷ್ಟರಲ್ಲಿ ಮನೆ ಕೈ ಬದಲಾಗಿರುತ್ತದೆ.

ಸಪ್ತಗಿರಿ ಬಡಾವಣೆ: ಒಳ್ಳೆಯ ಉದ್ದೇಶದಿಂದ ಹಾಕಿದೆ ಸರ್. ಇಷ್ಟು ಕೋಪ ಯಾಕೆ?

ಉತ್ತರ: ಉದ್ದೇಶ ಒಳ್ಳೆಯದಿದ್ದರೂ ಮನೆ ಹೋದರೆ ವಾಪಸ್ ಬರುವುದಿಲ್ಲ, ಅದಕ್ಕೆ.

ಉಪ್ಪಾರಹಳ್ಳಿ: ಏಪ್ರಿಲ್ ರಿಯಾಯಿತಿ ಖಾಲಿ ಸೈಟಿಗೂ ಇದೆಯಾ?

ಉತ್ತರ: ಇದೆ.

ಜಯನಗರ: ರಿಯಾಯಿತಿ ಪಕ್ಕಕ್ಕಿಡಿ. ತೆರಿಗೆ ಯಾಕೆ ಕಟ್ಟಬೇಕು ಅಂತ ಹೇಳಿ. ನಲ್ಲಿಯಲ್ಲಿ ನೀರು ಬಂದು ಎಷ್ಟು ದಿನ ಆಯಿತು? ಎಲ್ಲರೂ ಸೇರಿ ಈ ವರ್ಷ ಕಟ್ಟಬಾರದು.

ಎಸ್‌ಐಟಿ ಬಡಾವಣೆ: ಕಟ್ಟದಿದ್ದರೆ ನೀರು ಬರುತ್ತದಾ? ನಮ್ಮ ಊರಿಗೆ ನೀರು ಬುಗುಡನಹಳ್ಳಿ ಕೆರೆಯಿಂದ, ಅಲ್ಲಿಗೆ ಹೇಮಾವತಿ ನಾಲೆಯಿಂದ. ನಾಲೆಗೆ ಬಿಟ್ಟಾಗ ಕೆರೆ ತುಂಬಿಸಿಕೊಳ್ಳಬೇಕು. ಬೇಸಿಗೆಯಲ್ಲಿ ಎಳೆದಾಡಬೇಕು.

ಜಯನಗರ: ನಿಮ್ಮ ಮನೆಯಲ್ಲಿ ಬೋರ್ ಇದೆ, ಅದಕ್ಕೇ ಪಾಠ ಹೇಳುತ್ತೀರಿ. ನಾವು ಟ್ಯಾಂಕರ್‌ಗೆ ದುಡ್ಡು ಕೊಡುತ್ತಿದ್ದೇವೆ.

ಎಸ್‌ಐಟಿ ಬಡಾವಣೆ: ನಮ್ಮ ಬೋರ್ ನಿಂತು ಎರಡು ವರ್ಷ ಆಯಿತು. ಗೊತ್ತಿಲ್ಲದೆ ಮಾತಾಡಬೇಡಿ.

ಹನುಮಂತಪುರ: ಇಬ್ಬರೂ ಸರಿ ಇದ್ದೀರಿ. ಹೇಳಿಕೊಳ್ಳೋಣ ಅಂದರೆ ವಾರ್ಡ್ ಸದಸ್ಯರೇ ಇಲ್ಲ. 35 ವಾರ್ಡಿಗೂ ಯಾರೂ ಇಲ್ಲ. ಹಿಂದಿನ ಚುನಾವಣೆ 2018ರ ಆಗಸ್ಟ್‌ನಲ್ಲಿ ಆಗಿದ್ದು. ಸಂವಿಧಾನದಲ್ಲೇ ಐದು ವರ್ಷ ಅಂತ ಇದೆಯಲ್ವಾ?

ಜಯನಗರ: ಸದಸ್ಯರು ಇದ್ದಾಗ ಏನು ಕಿಸಿದರು?

ನಿರ್ವಾಹಕರು: ಭಾಷೆ ನೋಡಿಕೊಳ್ಳಿ.

ಉತ್ತರ: ಚುನಾವಣೆ ವಿಷಯದಲ್ಲಿ ಹನುಮಂತಪುರದವರು ಹೇಳಿದ್ದು ಸರಿ. 243ಯು ವಿಧಿ ಪ್ರಕಾರ ಮೊದಲ ಸಭೆಯ ದಿನದಿಂದ ಐದು ವರ್ಷ. ಆ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಮುಗಿದಿರಬೇಕು. ಸದಸ್ಯರಿಲ್ಲದೆ ಆಡಳಿತಾಧಿಕಾರಿ ಇರುವುದು ನನಗೂ ಬೇಸರದ ವಿಷಯವೇ. ಬೀದಿಯ ಕಷ್ಟ ಬಜೆಟ್ ಸಭೆಗೆ ತಲುಪಿಸಲು ಆರಿಸಿ ಬಂದವರು ಬೇಕು.

ತೆರಿಗೆ ಬಹಿಷ್ಕಾರದ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ನೀರಿನ ಶುಲ್ಕ ಬೇರೆ, ಆಸ್ತಿ ತೆರಿಗೆ ಬೇರೆ. ಕಟ್ಟದೆ ಇದ್ದರೆ ದಂಡ ಬೆಳೆಯುವುದು ನಿಮ್ಮ ಮನೆಯ ಮೇಲೆ. ಇ-ಖಾತೆಗೆ ಹೋದಾಗ ಬಾಕಿ ಪೂರ್ತಿ ಕೇಳುತ್ತಾರೆ. ನೀರಿನ ದೂರನ್ನು ಬರವಣಿಗೆಯಲ್ಲಿ ಕೊಡಿ, ಹತ್ತು ಮನೆಯವರು ಸಹಿ ಹಾಕಿ ಕೊಡಿ. ಫೋನಿನಲ್ಲಿ ಕೂಗಿದ ದೂರಿಗೆ ದಾಖಲೆ ಇರುವುದಿಲ್ಲ.

ಜಯನಗರ: ಅಧಿಕಾರಿ ಆಗಿದ್ದವರು ಅಧಿಕಾರಿ ತರಹವೇ ಮಾತಾಡುತ್ತೀರಿ.

ಸದಾಶಿವನಗರ: ನಮ್ಮ ಬೀದಿಯಲ್ಲಿ ನಾಯಿ ಕಾಟ ವಿಪರೀತ. ಯಾರಿಗೆ ಹೇಳಬೇಕು?

ಶಿರಾ ಗೇಟ್: ಅಪ್ಪ ಮನೆಯಲ್ಲೇ ತೀರಿಕೊಂಡು ಎರಡು ವರ್ಷ ಆಯಿತು. ಮರಣ ನೋಂದಣಿ ಮಾಡಿಸಿಲ್ಲ. ಒಬ್ಬರು ಬ್ರೋಕರ್ ಏಳು ಸಾವಿರ ಕೇಳುತ್ತಿದ್ದಾರೆ.

ಉತ್ತರ: ಬ್ರೋಕರ್‌ಗೆ ಒಂದು ರೂಪಾಯಿಯೂ ಕೊಡಬೇಡಿ. 21 ದಿನದೊಳಗೆ ತಿಳಿಸಿದ್ದರೆ ಸುಲಭವಾಗಿ ಆಗುತ್ತಿತ್ತು. ಒಂದು ವರ್ಷ ದಾಟಿದ್ದಕ್ಕೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ಜನನ-ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು, ಆ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಈಗ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಅದಕ್ಕೂ ಮುಂಚೆ, ನೋಂದಣಿ ಆಗಿಲ್ಲ ಅನ್ನುವ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ತೆಗೆದುಕೊಳ್ಳಿ. ಅದಿಲ್ಲದೆ ಮುಂದಕ್ಕೆ ಹೋಗುವುದಿಲ್ಲ.

ಗೂಳೂರು: ಎಲ್ಲರ ಗಮನಕ್ಕೆ. ಇ-ಖಾತಾ ಆ್ಯಪ್ ಬಂದಿದೆ, ಈ ಎಪಿಕೆ ಫೈಲ್ ಹಾಕಿಕೊಂಡರೆ ಮನೆಯಲ್ಲೇ ಕೂತು ಖಾತೆ ಸಿಗುತ್ತದೆ.

ಉತ್ತರ: ಯಾರೂ ಮುಟ್ಟಬೇಡಿ! ಸರ್ಕಾರ ವಾಟ್ಸಾಪ್‌ನಲ್ಲಿ ಎಪಿಕೆ ಕಳಿಸುವುದಿಲ್ಲ. ಇಂಥ ಫೈಲ್ ಹಾಕಿಕೊಂಡರೆ ಒಟಿಪಿ ಕದ್ದು ಬ್ಯಾಂಕಿನ ದುಡ್ಡು ಎತ್ತುತ್ತಾರೆ. ಈಗಾಗಲೇ ಹಾಕಿಕೊಂಡವರು ನೆಟ್ ಆಫ್ ಮಾಡಿ, ಬ್ಯಾಂಕಿಗೆ ಹೇಳಿ, 1930ಕ್ಕೆ ಫೋನ್ ಮಾಡಿ. ನಿರ್ವಾಹಕರೇ, ಇಂಥವು ಹೀಗೇ ಬರುತ್ತಿದ್ದರೆ ನಾನು ಇಲ್ಲಿ ಉತ್ತರ ಬರೆದು ಪ್ರಯೋಜನ ಇಲ್ಲ.

ನಿರ್ವಾಹಕರು: ಅಳಿಸಿದ್ದೇನೆ ಸರ್. ಕ್ಷಮಿಸಿ.

ಮೇಳೆಕೋಟೆ: ಖಾತೆಗೆ ಅರ್ಜಿ ಕೊಟ್ಟು ಬಹಳ ದಿನ ಆಯಿತು. ನಾಳೆ ಬಾ ಅನ್ನುತ್ತಾರೆ.

ಉತ್ತರ: ಸಕಾಲ, ಅಂದರೆ ಗೊತ್ತುಪಡಿಸಿದ ದಿನದೊಳಗೆ ಸೇವೆ ಕೊಡಬೇಕು ಅನ್ನುವ ಸರ್ಕಾರದ ಯೋಜನೆ, ಅದರ 15 ಅಂಕಿಯ ನಂಬರ್ ಇದೆಯಾ? ಇದ್ದರೆ ಗಡುವು ನೋಡಿ. ದಾಟಿದ್ದರೆ ಮೇಲ್ಮನವಿ ಹಾಕಿ. ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರವೂ ಇದೆ. ನಂಬರ್ ಇಲ್ಲದಿದ್ದರೆ ನಿಮ್ಮ ಅರ್ಜಿ ಲೆಕ್ಕಕ್ಕೇ ಬಂದಿಲ್ಲ ಅಂತ ತಿಳಿಯಿರಿ.

ಬಟವಾಡಿ: ಸರ್, ತೆರಿಗೆ ರಿಯಾಯಿತಿ ವಿಷಯ ಮೇಲೆ ಸಿಗುತ್ತಿಲ್ಲ.

ಎಸ್‌ಐಟಿ ಬಡಾವಣೆ: ಏಪ್ರಿಲ್ 30, ಶೇ 5. ಇನ್ನು ಯಾರೂ ಕೇಳಬೇಡಿ.

ಕ್ಯಾತ್ಸಂದ್ರ: ಸರ್, ತಮ್ಮ ಈಗ ಕಾವೇರಿಯಲ್ಲಿ ನೋಡಿದ. ಮಾರಾಟ, ಅಡಮಾನ ಏನೂ ಕಾಣಿಸುತ್ತಿಲ್ಲ. ಅತ್ತೆ ನನ್ನ ಜೊತೆ ಬರುತ್ತೇನೆ ಅನ್ನುತ್ತಿದ್ದಾರೆ. ಆ ಹೆಬ್ಬೆಟ್ಟು ಪೆನ್ಷನ್‌ಗೆ ಅಂತ ನಂಬಿ ಹಾಕಿದ್ದು ಅಂತ ಹೇಳುತ್ತಾರಂತೆ.

ಉತ್ತರ: ಒಳ್ಳೆಯ ಸುದ್ದಿ. ಅತ್ತೆ ಜೊತೆಗೆ ನಿಂತರೆ ನಿಮ್ಮ ಅರ್ಧ ಭಾರ ಇಳಿದ ಹಾಗೆ. ನಾಳೆಯೇ ಇಬ್ಬರೂ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅವರು ಹೇಳುವುದನ್ನು ಅಲ್ಲಿಯ ವಕೀಲರ ಮುಂದೆ ಪ್ರಮಾಣಪತ್ರ ಮಾಡಿಸಿ, ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಹಾಕಿಸಿ. ಯಜಮಾನರ ಮತ್ತು ಮಾವನ ಮರಣ ಪತ್ರ, ಮಕ್ಕಳ ಜನನ ಪತ್ರ, ರೇಷನ್ ಕಾರ್ಡ್, ಹಳೆಯ ತೆರಿಗೆ ರಸೀದಿ ಒಯ್ಯಿರಿ. ಮೂಲ ಪ್ರತಿ ಯಾರ ಕೈಗೂ ಬಿಟ್ಟು ಬರಬೇಡಿ, ಜೆರಾಕ್ಸ್ ಕೊಡಿ. ಶಿರಾದ ನಾದಿನಿಗೂ ಇವತ್ತೇ ಫೋನ್ ಮಾಡಿ, ಅವರ ಪಾಲೂ ಅಪಾಯದಲ್ಲಿದೆ. ಆಯುಕ್ತರಿಗೆ ಕೊಡುವ ಅರ್ಜಿ ಎರಡು ಪ್ರತಿ ಇರಲಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಬೀಳುವ ತನಕ ಕೌಂಟರ್ ಬಿಟ್ಟು ಕದಲಬೇಡಿ.