ಅಪ್‌ಡೇಟ್: ಅಮ್ಮನ ಫೋನಿನ ಜಾಹೀರಾತು ಕಾಟ ನಿಂತಿತು

ಹೋದ ವಾರ ಕೇಳಿದ್ದೆನಲ್ಲ, ಅಮ್ಮನ ಆಂಡ್ರಾಯ್ಡ್ ಫೋನನ್ನು ಮುಟ್ಟದೆ ಇದ್ದರೂ ಪರದೆ ತುಂಬ ಜಾಹೀರಾತು ಬರುತ್ತದೆ ಅಂತ. ಈಗ ಸರಿಹೋಗಿದೆ. ಸಹಾಯ ಮಾಡಿದ ಎಲ್ಲರಿಗೂ ಥ್ಯಾಂಕ್ಸ್.

ಬ್ರೌಸರ್ ಕ್ಯಾಶ್ ಅಳಿಸಿದ್ದರಿಂದ ಏನೂ ಆಗಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡುವ ಪ್ರಮೇಯ ಬರಲಿಲ್ಲ.

ಕೈ ಹಿಡಿದದ್ದು ಒಂದು ಸಣ್ಣ ಸಲಹೆ: ಜಾಹೀರಾತು ಬಂದ ಕೂಡಲೇ ರೀಸೆಂಟ್ಸ್ ಬಟನ್ (ಇತ್ತೀಚೆಗೆ ತೆರೆದ ಆ್ಯಪ್‌ಗಳನ್ನು ತೋರಿಸುವುದು) ಒತ್ತಿ, ಯಾವ ಆ್ಯಪ್‌ನ ಐಕಾನ್ ಕಾಣುತ್ತದೆ ನೋಡಿ ಅನ್ನೋದು. ಅಮ್ಮ ಸೊಪ್ಪು ಬಿಡಿಸುತ್ತಿದ್ದರು, ನಾನು ಪಕ್ಕದಲ್ಲಿ ಫೋನ್ ಹಿಡಿದು ಕಾದೆ. ಹತ್ತು ನಿಮಿಷಕ್ಕೆ ಬಂತು. ಒತ್ತಿದರೆ ಒಂದು ಟಾರ್ಚ್ ಆ್ಯಪ್! ಬೇರೆ ಆ್ಯಪ್‌ಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ, ಲೊಕೇಶನ್, ಕಾಂಟ್ಯಾಕ್ಟ್ಸ್ ಎಲ್ಲವನ್ನೂ ಪಡೆದುಕೊಂಡಿತ್ತು. ಟಾರ್ಚಿಗೆ ಅದೆಲ್ಲ ಯಾಕೆ ಬೇಕು? ಫೋನಿನಲ್ಲೇ ಟಾರ್ಚ್ ಇರುತ್ತದೆ, ಅಲ್ವಾ. ತಕ್ಷಣ ತೆಗೆದುಹಾಕಿದೆ.

ಇನ್ನೊಬ್ಬರು ಹೇಳಿದಂತೆ ಫೋನಿನ ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆಯನ್ನು ಆರಿಸುವ ಜಾಗ) ಜಾಹೀರಾತು ತಡೆಯುವ ಆಡ್‌ಗಾರ್ಡ್ ಸೇವೆಯನ್ನೂ ಹಾಕಿದೆ. ಆಂಡ್ರಾಯ್ಡ್ 9ರಿಂದ ಈ ಸೌಲಭ್ಯ ಇದೆ. ಸುದ್ದಿ ಪುಟಗಳು ಈಗ ಎಷ್ಟೋ ಹಗುರ. ಯೂಟ್ಯೂಬ್ ಜಾಹೀರಾತು ಮಾತ್ರ ಹೋಗಲ್ಲ, ಅದು ವಿಡಿಯೊ ಬರುವ ಕಡೆಯಿಂದಲೇ ಬರುತ್ತದೆ.

ಗೊತ್ತಿಲ್ಲದ ಒಂದು ಸಂಗತಿ ತಿಳಿಯಿತು. ಪ್ರೈವೇಟ್ ಡಿಎನ್‌ಎಸ್ ಬಳಸುವುದು 853ನೇ ಪೋರ್ಟ್, ಅಂದರೆ ನೆಟ್‌ವರ್ಕಿನಲ್ಲಿ ಮಾಹಿತಿ ಹೋಗಿಬರುವ ಆ ನಂಬರಿನ ಬಾಗಿಲು. ಕೆಲವು ವೈಫೈಗಳಲ್ಲಿ ಅದನ್ನು ಮುಚ್ಚಿರುತ್ತಾರೆ. ಆಗ ಸಿಗ್ನಲ್ ಪೂರ್ತಿ ಇದ್ದರೂ ಇಂಟರ್ನೆಟ್ ಬರಲ್ಲ. ಮೊನ್ನೆ ಮದುವೆ ಛತ್ರದಲ್ಲಿ ಅಮ್ಮನಿಗೆ ಹಾಗೇ ಆಯಿತು. ಸೆಟ್ಟಿಂಗನ್ನು 'ಆಟೋಮ್ಯಾಟಿಕ್'ಗೆ ಬದಲಿಸಿದ ಮೇಲೆ ಬಂತು. ಆ ದಾರಿಯನ್ನು ಅವರ ಡೈರಿಯಲ್ಲಿ ಬರೆದುಕೊಟ್ಟಿದ್ದೇನೆ.