ಕಂಪ್ಯೂಟರ್ ಆನ್ ಆಗ್ತಿಲ್ಲ, ಬೂಟಬಲ್ ಡಿಸ್ಕ್ ಮಾಡ್ಕೊಳೋದು ಹೆಂಗೆ?

ಮಂಡ್ಯ ಡಿಟಿಪಿ:
ಎಲ್ಲಾರ್ಗೂ ನಮಸ್ಕಾರ. ನೂರಡಿ ರಸ್ತೆ ಹತ್ರ ನಮ್ದೊಂದು ಸಣ್ಣ ಡಿಟಿಪಿ ಅಂಗ್ಡಿ. ನೆನ್ನೆ ಕೆಲ್ಸ ಮಾಡ್ತಿರೋವಾಗ್ಲೇ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟ್ರಿ ಸತ್ತು ಆರು ತಿಂಗ್ಳಾಯ್ತು, ಹಾಕ್ಸಣ ಹಾಕ್ಸಣ ಅಂತ ಹಂಗೇ ಬುಟ್ಟಿದ್ದೆ. ಈಗ ಆನ್ ಮಾಡುದ್ರೆ ಲೋಗೋ ಬತ್ತದೆ, ಆಟೋಮ್ಯಾಟಿಕ್ ರಿಪೇರ್ ಅಂತದೆ, ತಿರ್ಗಾ ರೀಸ್ಟಾರ್ಟು, ಬೆಳಗಿಂದ ಗಾಣದ ಎತ್ತಿನಂಗೆ ಸುತ್ತತಾ ಅದೆ. ವಿಂಡೋಸ್ 10. ಡೆಸ್ಕ್‌ಟಾಪಲ್ಲೇ ಮೂರು ಮದ್ವೆ ಕಾರ್ಡು ಅವೆ, ಒಂದುಕ್ಕೂ ಕಾಪಿ ಇಲ್ಲ. ರಿಪೇರಿಯವ್ರು ಫಾರ್ಮ್ಯಾಟ್ ಮಾಡ್ಬುಡಣ ಅಂತಾರೆ. ಬೂಟಬಲ್ ಡಿಸ್ಕ್, ಅಂದ್ರೆ ಕಂಪ್ಯೂಟರ್ನ ಅದ್ರಿಂದ್ಲೇ ಆನ್ ಮಾಡೋ ಡಿಸ್ಕು, ಮಾಡ್ಕೊಳಣ ಅಂತ. ಖಾಲಿ ಡಿವಿಡಿ ಅದೆ, ಅದುಕ್ಕೇ ಬರ್ನ್ ಮಾಡ್ಕೊಬೋದಾ?

ಸರಸ್ವತಿಪುರಂ ಹುಡ್ಗ:
ಅಣ್ಣ ಫಾರ್ಮ್ಯಾಟ್‌ಗೆ ಮಾತ್ರ ಒಪ್ಕೋಬೇಡಿ. ಡಿವಿಡಿ ಮರ್ತ್‌ಬಿಡಿ, ಅದು 4.7 ಜಿಬಿ, ಈಗಿನ ವಿಂಡೋಸ್ ಐಎಸ್‌ಒ (ಇಡೀ ಇನ್‌ಸ್ಟಾಲ್ ಡಿಸ್ಕ್ ಒಂದೇ ಫೈಲಾಗಿರೋದು) ಎಷ್ಟೋ ಸಲ ಅದ್ರಲ್ಲಿ ಹಿಡಿಯೋದೇ ಇಲ್ಲ. 8 ಜಿಬಿ ಪೆನ್‌ಡ್ರೈವ್ ತಗೊಳಿ, ಅದ್ರಲ್ಲಿರೋದೆಲ್ಲ ಅಳಿಸಿಹೋಗುತ್ತೆ ನೋಡ್ಕೊಳಿ. ಬೇರೆ ಕಂಪ್ಯೂಟರಲ್ಲಿ ಮೈಕ್ರೋಸಾಫ್ಟ್ ಸೈಟಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳ್ಸಿ ರನ್ ಮಾಡಿ, ಅದೇ ಎಲ್ಲಾ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ತುಂಬುತ್ತೆ. ಆಮೇಲೆ ನಿಮ್ಮ ಸಿಸ್ಟಮ್‌ಗೆ ಚುಚ್ಚಿ ಆನ್ ಮಾಡ್ತಾನೇ ಬೂಟ್ ಮೆನು ಕೀ ಒತ್ತಿ, ಡೆಲ್ ಆದ್ರೆ ಎಫ್12, ಎಚ್‌ಪಿ ಆದ್ರೆ ಎಫ್9. ಇನ್‌ಸ್ಟಾಲ್ ನೌ ಅಂತ ದೊಡ್ಡ ಬಟನ್ ಬರುತ್ತೆ, ಅದನ್ನ ಮುಟ್ಟಬೇಡಿ!! ಕೆಳಗೆ ಎಡಗಡೆ ರಿಪೇರ್ ಯುವರ್ ಕಂಪ್ಯೂಟರ್ ಅಂತ ಸಣ್ಣದಾಗಿರುತ್ತೆ, ಅದನ್ನ ಒತ್ತಿ. ಅಲ್ಲಿಂದ ಕಮಾಂಡ್ ಪ್ರಾಂಪ್ಟ್‌ಗೆ (ಕಮಾಂಡ್ ಟೈಪ್ ಮಾಡೋ ಕಪ್ಪು ಕಿಟಕಿ) ಹೋಗಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ, ಫೈಲ್, ಓಪನ್, ಕೆಳಗೆ ಆಲ್ ಫೈಲ್ಸ್ ಇಡಿ. ಆ ಕಿಟಕೀಲೇ ನಿಮ್ಮ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ನೊಂದು ಪೆನ್‌ಡ್ರೈವ್‌ಗೆ ಕಾಪಿ ಹೊಡೀಬೋದು. ಸಿ ಡ್ರೈವ್ ಅಲ್ಲಿ ಡಿ ಅಂತ ಕಾಣ್ಸಿದ್ರೆ ಗಾಬರಿ ಬೀಳ್ಬೇಡಿ.

ಹಳೇ ಕೈ:
ಮೇಲಿನವ್ರು ಹೇಳಿದ್ದು ಸರಿ, ಆದ್ರೆ ಮೊದ್ಲು ಕಿವಿ ಕೊಟ್ಟು ಕೇಳಿ. ಹಾರ್ಡ್‌ಡಿಸ್ಕ್ ಟಕ್ ಟಕ್ ಅಂತಿದ್ರೆ ಅದು ಸಾಯ್ತಾ ಇದೆ ಅಂತ ಅರ್ಥ, ಚೆಕ್‌ಡಿಸ್ಕ್ (ಡಿಸ್ಕಲ್ಲಿರೋ ತಪ್ಪು ಹುಡುಕಿ ಸರಿ ಮಾಡೋ ಕಮಾಂಡ್) ಹಾಕಿ ಇನ್ನಷ್ಟು ಕುಟ್ಟಬೇಡಿ, ಡೇಟಾ ತೆಗೆಯೋದಷ್ಟೇ ನೋಡಿ. ಸದ್ದಿಲ್ಲಾಂದ್ರೆ ಕಾಪಿ ಆದ್ಮೇಲೆ ಅದೇ ಕಮಾಂಡ್ ಪ್ರಾಂಪ್ಟಲ್ಲಿ ಚೆಕ್‌ಡಿಸ್ಕ್ (chkdsk), ಡ್ರೈವ್ ಅಕ್ಷರ, ಸ್ಲ್ಯಾಷ್ ಎಫ್ (/f) ಅಂತ ಟೈಪ್ ಮಾಡಿ. ಕರೆಂಟ್ ಹೋಗಿ ಕೆಟ್ಟಿದ್ದು ತುಂಬಾ ಸಲ ಇಷ್ಟಕ್ಕೇ ಸರಿಹೋಗುತ್ತೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗ) ಇದ್ರೆ 48 ಅಂಕಿ ಕೀ ಕೇಳುತ್ತೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಹುಡುಕಿ.

ಮಂಡ್ಯ ಡಿಟಿಪಿ:
ಅಣ್ದೀರಾ ಆಯ್ತು!! ಟಕ್ ಟಕ್ ಇರ್ನಿಲ್ಲ. ಫೈಲೆಲ್ಲ ಪೆನ್‌ಡ್ರೈವ್‌ಗೆ ಎತ್ಕೊಂಡು ಪಕ್ಕದ ಅಂಗ್ಡಿ ಸಿಸ್ಟಮ್ಮಲ್ಲಿ ತಗುದ್ರೆ, ಗಣೇಶನ ಚಿತ್ರದ ಕೆಳಗೆ ಶ್ಲೋಕ ಇರ್ಬೇಕಾದ ಕಡೆ ಬರೀ ಇಂಗ್ಲಿಷ್ ಅಕ್ಷರ ಚೆಲ್ಲಾಡ್ದಂಗೆ ಕಾಣ್ತು, ಎದೆ ಧಸಕ್ ಅಂತು. ಆಮೇಲೆ ನೋಡುದ್ರೆ ಅಲ್ಲಿ ನುಡಿ ಫಾಂಟೇ ಇಲ್ಲ, ಹಾಕುದ್ಮೇಲೆ ಸರಿಯಾಯ್ತು. ಚೆಕ್‌ಡಿಸ್ಕ್ ಹಾಕ್ದೆ, ರೀಸ್ಟಾರ್ಟ್ ಮಾಡುದ್ರೆ ತಿರ್ಗಾ ಅದೇ ಇನ್‌ಸ್ಟಾಲ್ ಪರದೆ, ಅರ್ಧ ಗಂಟೆ ತಲೆ ಕೆರ್ಕೊಂಡೆ, ಪೆನ್‌ಡ್ರೈವ್ ಕಿತ್ತೇ ಇರ್ನಿಲ್ಲ 😅 ಕಿತ್ತೆ, ವಿಂಡೋಸ್ ಬಂತು. ಈ ಪೆನ್‌ಡ್ರೈವ್ ಹಂಗೇ ಮಡಿಕೊಬೋದಾ?

ಸರಸ್ವತಿಪುರಂ ಹುಡ್ಗ:
ಇಟ್ಕೊಳಿ ಅಣ್ಣ. ಮೇಲೊಂದು ಸ್ಟಿಕರ್ ಅಂಟ್ಸಿ, ಇಲ್ಲಾಂದ್ರೆ ಯಾರೋ ಗಿರಾಕಿ ಫೋಟೋ ತುಂಬ್ಕೊಂಡು ಹೋಗ್ತಾರೆ.